ವರ್ಷಕ್ಕೆ ನಲವತ್ತೇ ವಾರ: ನಾನು ಗುರಿ ಬರೆಯುವ ಲೆಕ್ಕ

ಹೊಸ ವರ್ಷದ ಗುರಿ ಬರೆಯುವ ಮುಂಚೆ ನಾನು ಗೋಡೆ ಕ್ಯಾಲೆಂಡರ್ ಕೆಳಗಿಳಿಸಿ, ಕೈಗೆ ಸಿಗದ ವಾರಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಹೊಡೆದುಹಾಕುತ್ತೇನೆ. ಹಬ್ಬ, ಮದುವೆ, ಮಕ್ಕಳ ಪರೀಕ್ಷೆ, ಊರಿನ ಓಡಾಟ, ಆಫೀಸಿನ ಮಾರ್ಚ್ ಕ್ಲೋಸಿಂಗ್ ತೆಗೆದರೆ 52ರಲ್ಲಿ 43 ಉಳಿಯುತ್ತವೆ. ಜ್ವರ, ನೆಂಟರು, ಸಾವು-ನೋವು ಅಂತ ಇನ್ನೂ 3 ವಾರ ಕಳೆದು 40 ಅಂತ ಹಿಡಿಯುತ್ತೇನೆ. ಓದು, ನಡಿಗೆ, ಕಲಿಕೆ ಯಾವುದೇ ಇರಲಿ, ಆ ಗುರಿಯ ಲೆಕ್ಕ ಈ 40ರ ಮೇಲೆ ನಿಲ್ಲಬೇಕು. ‘ದಿನಾ’ ಅನ್ನುವ ಗುರಿ ಸಾಮಾನ್ಯವಾಗಿ ಸಂಕ್ರಾಂತಿ ದಾಟುವುದಿಲ್ಲ. ಕೊಬ್ಬರಿ, ಬೆಲ್ಲ ಹೆಚ್ಚಿ ಎಳ್ಳು ಬೆರೆಸಿ ಮನೆಮನೆಗೆ ಬೀರುವ ವಾರದಲ್ಲಿ ಪುಸ್ತಕ ಹಿಡಿಯುವವರು ಎಷ್ಟು ಜನ?

ಇದಕ್ಕೆ ಇಂಗ್ಲಿಷ್ ತಾರೀಕು ಮಾತ್ರ ಇರುವ ಕ್ಯಾಲೆಂಡರ್ ಸಾಲದು, ಮಾಸ-ತಿಥಿ ಇರುವುದೇ ಬೇಕು. ಉದಾಹರಣೆಗೆ 2026. ಉಗಾದಿ ಮಾರ್ಚ್ 19ಕ್ಕೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕ ಮಾಸ ಬಂದ ವರ್ಷ ಅದರ ಮುಂದಿನ ಹಬ್ಬಗಳೆಲ್ಲ ತಡವಾಗುತ್ತವೆ: ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ, ದೀಪಾವಳಿ ನವೆಂಬರ್ ಎರಡನೇ ವಾರಕ್ಕೆ. ಅಂದರೆ ಆಗಸ್ಟ್ ನಡುವಿನವರೆಗೆ ವರ್ಷ ಬಹುಪಾಲು ನಿಮ್ಮದು, ಆಮೇಲೆ ಮನೆಯದು. ನನ್ನ ಲೆಕ್ಕದಲ್ಲಿ ಮೊದಲ 32 ವಾರಗಳಲ್ಲಿ ಸಂಕ್ರಾಂತಿಗೆ 1, ಪರೀಕ್ಷೆ-ಕ್ಲೋಸಿಂಗ್‌ಗೆ 2, ಉಗಾದಿಗೆ 1, ಏಪ್ರಿಲ್-ಮೇ ಮದುವೆಗಳಿಗೆ 2 ಹೋಗಿ 26 ಸಿಗುತ್ತವೆ. ಉಳಿದ 20ರಲ್ಲಿ ಗೌರಿ-ಗಣೇಶ, ನವರಾತ್ರಿ, ದೀಪಾವಳಿಗೆ ಒಂದೊಂದು ತೆಗೆದರೆ 17. ಮೀಸಲಿನ 3 ವಾರವನ್ನೂ ಇದರಲ್ಲೇ ಕಳೆಯುತ್ತೇನೆ, 14 ಅಂತ ಇಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಹತ್ತನೇ ಕ್ಲಾಸಿನ ಅಥವಾ ದ್ವಿತೀಯ ಪಿಯುಸಿ ಮಗು ಇದ್ದರೆ ಪರೀಕ್ಷೆಗೆ 2 ವಾರ ಸಾಲದು, 5 ತೆಗೆಯಿರಿ.

ಹಾಗೇ ಎದ್ದುಕಾಣದ ಬಿಡುವೂ ಪಂಚಾಂಗದಲ್ಲಿದೆ. ಆಷಾಢದಲ್ಲಿ, ಅಧಿಕ ಮಾಸದಲ್ಲಿ, ಧನುರ್ಮಾಸದಲ್ಲಿ ಮದುವೆ-ಗೃಹಪ್ರವೇಶ ಇರುವುದಿಲ್ಲ, ಹಾಗಾಗಿ ಭಾನುವಾರಗಳು ಖಾಲಿ. ಯಾವುದಾದರೂ ಕೋರ್ಸ್, ಈಜು, ಡ್ರೈವಿಂಗ್ ಕಲಿಯುವುದಿದ್ದರೆ ನಾನು ಅದನ್ನು ಜನವರಿ 1ಕ್ಕೆ ಶುರು ಮಾಡುವುದಿಲ್ಲ, ಇಂಥ ತಿಂಗಳಿಗೆ ಹಾಕುತ್ತೇನೆ. ಗುರಿ ಬರೆಯುವ ಕೆಲಸಕ್ಕೂ ಡಿಸೆಂಬರ್ ನಡುವಿನಿಂದ ಶುರುವಾಗುವ ಧನುರ್ಮಾಸವೇ ಅನುಕೂಲ. ಡಿಸೆಂಬರ್ 31ರ ರಾತ್ರಿ ಬರೆದ ಗುರಿಯಲ್ಲಿ ಉತ್ಸಾಹ ಜಾಸ್ತಿ, ಲೆಕ್ಕ ಕಮ್ಮಿ.

ಕ್ಯಾಲೆಂಡರ್ ಆದಮೇಲೆ ಗಂಟೆ. ವಾರಕ್ಕೆ 168 ಗಂಟೆ. ನಿದ್ದೆ ದಿನಕ್ಕೆ ಏಳೂವರೆ ಅಂದರೆ 52.5. ಆಫೀಸು 9, ಟ್ರಾಫಿಕ್ 2, ಐದು ದಿನಕ್ಕೆ 55. ಅಡುಗೆ, ಸ್ನಾನ, ಊಟ, ಬಟ್ಟೆ-ಪಾತ್ರೆಗೆ ದಿನಕ್ಕೆ 4ರಂತೆ 28. ಸಂತೆ-ದಿನಸಿ, ಬ್ಯಾಂಕು, ನೆಂಟರ ಮನೆ 10. ಉಳಿದದ್ದು 22.5. ಇನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಿದ್ದೀರಿ ಅನ್ನುವ ಲೆಕ್ಕ ತೆಗೆಯಿರಿ. ಎರಡೂವರೆ ಗಂಟೆ ಅಂತ ತೋರಿಸಿದರೆ ವಾರಕ್ಕೆ 17.5 ಅಲ್ಲೇ ಹೋಯಿತು. ಕೈಯಲ್ಲಿರುವುದು 5 ಗಂಟೆ. ವಾರಕ್ಕೆ 6 ಗಂಟೆ ಬೇಡುವ ಗುರಿ ಬರೆಯುವುದಾದರೆ, ಆ ಹೆಚ್ಚಿನ ಒಂದು ಗಂಟೆ ಫೋನಿನಿಂದ ಬರುತ್ತದೋ ನಿದ್ದೆಯಿಂದಲೋ ಅಂತ ಪಕ್ಕದಲ್ಲೇ ಬರೆಯಬೇಕು. ಬರೆಯದಿದ್ದರೆ ಅದು ನಿದ್ದೆಯಿಂದಲೇ ಬರುತ್ತದೆ, ಮೂರನೇ ವಾರಕ್ಕೆ ಗುರಿ ನೆಲ ಕಚ್ಚುತ್ತದೆ.

ಗುರಿ ಮೂರೇ. ಒಂದು ದೇಹಕ್ಕೆ, ಒಂದು ದುಡ್ಡಿಗೆ, ಒಂದು ಓದು ಅಥವಾ ಕೈಕೆಲಸಕ್ಕೆ. ಮೂರು ಎನ್ನುವುದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿದೆ: ಎರಡು ಗುರಿ ಒಂದೇ ಹೊತ್ತನ್ನು ಕೇಳಬಾರದು. ಜನ ತೋರಿಸುವ ಪಟ್ಟಿಗಳಲ್ಲಿ ವಾಕಿಂಗ್, ಯೋಗ, ಧ್ಯಾನ, ಓದು, ಡೈರಿ ಎಲ್ಲವೂ ಬೆಳಿಗ್ಗೆ ಐದೂವರೆಯಿಂದ ಏಳರ ನಡುವೆ ಕೂತಿರುತ್ತವೆ. ಅದೇ ಹೊತ್ತಿಗೆ ಹಾಲು ಕಾಯಿಸಬೇಕು, ಡಬ್ಬಿ ಕಟ್ಟಬೇಕು, ಕಾರ್ಪೊರೇಷನ್ ನೀರು ಬಂದರೆ ಸಂಪು ನೋಡಬೇಕು. ಇಚ್ಛಾಶಕ್ತಿ ಎಷ್ಟಿದ್ದರೂ ಒಂದೂವರೆ ಗಂಟೆ ಮೂರು ಗಂಟೆ ಆಗುವುದಿಲ್ಲ.

ದೇಹದ ಗುರಿಯನ್ನು ನಾನು ಕೆಜಿಯಲ್ಲಿ ಬರೆಯುವುದಿಲ್ಲ. ಐದು ಕೆಜಿ ಇಳಿಯುವುದು ನನ್ನ ಕೈಲಿಲ್ಲ, ನಡೆಯುವುದು ಕೈಲಿದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ದಿನ, 40 ನಿಮಿಷ, ಒಟ್ಟು 160. ವೇಗ ಎಷ್ಟೆಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹೊತ್ತು ಆಯಾ ಊರಿನ ಹವೆ ನೋಡಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆ ಹೆಚ್ಚಾಗಿ ಸಂಜೆ ಹೊಡೆಯುತ್ತದೆ, ಹಾಗಾಗಿ ಸಂಜೆಯ ವಾಕಿಂಗ್ ಇಟ್ಟುಕೊಂಡವರದ್ದು ಆಗಲೇ ತಪ್ಪುವುದು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ನಡಿಗೆಯನ್ನು ನೆಚ್ಚಿಕೊಳ್ಳಲೇಬಾರದು, ಮನೆಯೊಳಗಿನ ವ್ಯಾಯಾಮವನ್ನೇ ಆ ತಿಂಗಳುಗಳ ಗುರಿ ಅಂತ ಬರೆಯಬೇಕು. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್-ಮೇ ಅಂದರೆ ಬೆಳಿಗ್ಗೆ ಆರೂವರೆಗೆ ಮನೆಗೆ ವಾಪಸ್ ಬಂದಿರಬೇಕು.

ತೂಕ ನೋಡುವುದಾದರೆ ದಿನದ ಅಂಕಿಗೆ ಬೆಲೆ ಕೊಡಬೇಡಿ. ಹಿಂದಿನ ರಾತ್ರಿ ಹಪ್ಪಳ-ಉಪ್ಪಿನಕಾಯಿ ಜಾಸ್ತಿ ಆದರೆ ನೀರು ನಿಂತು ಬೆಳಿಗ್ಗೆ ಒಂದು ಕೆಜಿ ಹೆಚ್ಚು ತೋರಿಸಬಹುದು. ಏಳು ದಿನದ ಸರಾಸರಿ ಮಾತ್ರ ಬರೆಯಿರಿ. ಸಕ್ಕರೆ ಇರುವವರು ಎಚ್‌ಬಿಎ1ಸಿ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸಿ ಬೇಜಾರಾಗುವುದುಂಟು. ಅದು ಹಿಂದಿನ ಎರಡು-ಮೂರು ತಿಂಗಳ ಸರಾಸರಿ, ಡಾಕ್ಟರ್ ಬೇರೆ ಹೇಳದಿದ್ದರೆ ಮೂರು ತಿಂಗಳಿಗೊಮ್ಮೆ ಸಾಕು. ಜಿಮ್‌ಗೆ ಸೇರುವುದಾದರೆ ಜನವರಿ ಆಫರ್ ಎಷ್ಟೇ ಆಕರ್ಷಕವಾಗಿದ್ದರೂ ಮೊದಲು ಒಂದು ತಿಂಗಳಿನ ಫೀಸ್ ಮಾತ್ರ ಕಟ್ಟಿ.

ದುಡ್ಡಿಗೆ ವಾರದ ಲೆಕ್ಕ ನಡೆಯುವುದಿಲ್ಲ, ತಿಂಗಳ ಲೆಕ್ಕ. ಅಲ್ಲೂ 12 ತಿಂಗಳು ಸಿಗುವುದಿಲ್ಲ. ಮನೆ ಖರ್ಚು ತಿಂಗಳಿಗೆ 35,000 ಎಂದಿಟ್ಟುಕೊಳ್ಳಿ. ಮೂರು ತಿಂಗಳ ಆಪದ್ಧನ ಅಂದರೆ 1,05,000. ಹನ್ನೆರಡರಿಂದ ಭಾಗಿಸಿದರೆ 8,750, ಸುಲಭ ಅನ್ನಿಸುತ್ತದೆ. ಆದರೆ ಏಪ್ರಿಲ್‌ನಿಂದ ಜೂನ್ ಅಂದರೆ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮು, ಆಸ್ತಿ ತೆರಿಗೆ, ಮದುವೆ ಮುಯ್ಯಿ. ಆ ಮೂರು ತಿಂಗಳು ಸೊನ್ನೆ ಎಂದು ಬರೆದು, ಉಳಿದ ಒಂಬತ್ತಕ್ಕೆ 12,000 ಹಾಕಿದರೆ 1,08,000. ಕಟ್ಟುನಿಟ್ಟಾಗಿ ತಿಂಗಳು ತಿಂಗಳು ಒಂದೇ ಮೊತ್ತ ಕೇಳುವ ಆರ್‌ಡಿ ಇದಕ್ಕೆ ಹೊಂದುವುದಿಲ್ಲ. ನಾನು ಬಳಸುವುದು ಯುಪಿಐಗೆ ಜೋಡಿಸದ, ಡೆಬಿಟ್ ಕಾರ್ಡ್ ಮನೆಯ ಬೀರುವಿನಲ್ಲೇ ಇರುವ ಬೇರೊಂದು ಉಳಿತಾಯ ಖಾತೆ. ಸಂಬಳ ಬಿದ್ದ ಮಾರನೇ ದಿನಕ್ಕೆ ಆಟೋ ಟ್ರಾನ್ಸ್‌ಫರ್, ಎರಡು ತುಂಡಾಗಿ: ಜನವರಿ-ಮಾರ್ಚ್ ಒಂದು ಸೂಚನೆ, ಜುಲೈ-ಡಿಸೆಂಬರ್ ಇನ್ನೊಂದು. ಎರಡಕ್ಕೂ ಮುಗಿಯುವ ತಾರೀಕು ಹಾಕಬೇಕು, ಇಲ್ಲದಿದ್ದರೆ ಏಪ್ರಿಲ್‌ನಲ್ಲೂ ದುಡ್ಡು ಹೋಗಿ, ಇತ್ತ ಫೀಸಿಗೆ ಸಾಲ ಮಾಡಬೇಕಾಗುತ್ತದೆ.

ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಗುರಿ ಇದ್ದರೆ ಎರಡು ಮಾತು. ಅದರ ವರ್ಷ ಏಪ್ರಿಲ್‌ನಿಂದ ಮಾರ್ಚ್, ಒಂದೂವರೆ ಲಕ್ಷದ ಮಿತಿಯೂ ಆ ವರ್ಷಕ್ಕೇ. ಜನವರಿಯ ಗುರಿ ಎರಡು ಹಣಕಾಸು ವರ್ಷಗಳ ಮೇಲೆ ಕಾಲಿಟ್ಟಿರುತ್ತದೆ, ಹಾಗಾಗಿ ಮಾರ್ಚ್‌ಗೆ ಒಂದು ಗೆರೆ ಎಳೆದು ಎರಡು ಅಂಕಿ ಬರೆಯಬೇಕು. ಇನ್ನೊಂದು, ತಿಂಗಳ ಬಡ್ಡಿಯನ್ನು 5ನೇ ತಾರೀಕು ಮುಗಿದ ಮೇಲಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. 7ಕ್ಕೆ ಕಟ್ಟಿದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಇಲ್ಲ.

ಓದಿನದು ಸುಲಭ. ವಾರಕ್ಕೆ ಐದು ದಿನ, ದಿನಕ್ಕೆ 15 ಪುಟ, 75. ನಲವತ್ತು ವಾರಕ್ಕೆ 3,000 ಪುಟ. ಸರಾಸರಿ 250 ಪುಟದಂತೆ 12 ಪುಸ್ತಕ. ವರ್ಷಕ್ಕೆ 50 ಪುಸ್ತಕ ಅನ್ನುವವರು ಇದೇ ಗುಣಾಕಾರ ಹಾಕಿದರೆ ದಿನಕ್ಕೆ 60 ಪುಟ ಮೀರುತ್ತದೆ.

ಇನ್ನು ಗುರಿಯ ವಾಕ್ಯ. ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳಿಸುವ ಕ್ರಮ ಗಮನಿಸಿ. ಯಾವ ದೇಶ, ಯಾವ ನದಿಯ ಯಾವ ತೀರ, ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ಯಾವ ಗೋತ್ರದ ಯಾರು, ಇಷ್ಟೂ ಹೇಳಿದ ಮೇಲೆ ಏನು ಮಾಡುತ್ತೇನೆ ಅನ್ನುವುದು. ನಮ್ಮ ಗುರಿಗಳಲ್ಲಿ ಕೊನೆಯದ್ದು ಮಾತ್ರ ಇರುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರ ತಮ್ಮ ಲೇಖನದಲ್ಲಿ ವಾದಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಎಲ್ಲಿ, ಯಾವಾಗ, ಹೇಗೆ ಎಂದು ಮೊದಲೇ ಕಟ್ಟಿಕೊಂಡ ‘ಹೀಗಾದರೆ ಹೀಗೆ’ ಎಂಬ ನಿರ್ಧಾರ ಬರಿಯ ಆಸೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಗುರಿಯ ಕೆಳಗೆ ಮೂರು ‘ಹೀಗಾದರೆ’ ಸಾಲು ಇರುತ್ತವೆ. ನಡಿಗೆಯದ್ದು ಹೀಗೆ:

ಸೋಮ, ಮಂಗಳ, ಗುರು, ಶನಿ, ಬೆಳಿಗ್ಗೆ 6ಕ್ಕೆ, ಪಾರ್ಕಿನ ಹಿಂದಿನ ಗೇಟಿನಿಂದ.
6ಕ್ಕೆ ಮಳೆ ಇದ್ದರೆ ಮೆಟ್ಟಿಲು, 20 ನಿಮಿಷ, ಆದರೂ ಆ ದಿನ ನಡೆದಂತೆಯೇ ಪೂರ್ತಿ ಗೀಟು (ಗುರುತು).
ಕೆಲಸದವರು ಬರದಿದ್ದರೆ ಸಂಜೆ ಊಟದ ಮುಂಚೆ 20, ಊಟದ ಮೇಲೆ 20.
ಡಬ್ಬಿ ಇರುವ ದಿನವಾದರೆ ಪಲ್ಯದ ತರಕಾರಿ ಹಿಂದಿನ ರಾತ್ರಿಯೇ ಹೆಚ್ಚಿ ಫ್ರಿಜ್‌ನಲ್ಲಿ, ಒಗ್ಗರಣೆ ಮಾತ್ರ ಬೆಳಿಗ್ಗೆ.

ಕೊನೆಯ ಸಾಲು ಬರೆಯುವ ಮುಂಚೆ ಮನೆಯವರ ಜೊತೆ ಮಾತಾಡಬೇಕು. ಬೆಳಗಿನ 40 ನಿಮಿಷ ಒಬ್ಬರಿಗೆ ಸಿಗಬೇಕಾದರೆ ಇನ್ನೊಬ್ಬರು ಹಾಲಿನ ಪಾತ್ರೆ ಮುಂದೆ ನಿಂತಿರಬೇಕು. ಯಾರು ನಿಲ್ಲುತ್ತಾರೆ ಅಂತ ಹೆಸರು ಹಾಕದ ಗುರಿ, ಅದರಲ್ಲೂ ಹೆಂಗಸರ ಗುರಿ, ಸೋಲುವುದು ಸೋಮಾರಿತನದಿಂದ ಅಲ್ಲ.

ಗುರುತು ಹಾಕುವುದಕ್ಕೆ ಆ್ಯಪ್ ಬೇಡ. ಒಂದು ಎ4 ಹಾಳೆ, ಐದು ಕಂಬ, ಎಂಟು ಸಾಲು, 40 ಮನೆ. ಪ್ರತಿ ಮನೆಯ ಎಡಕ್ಕೆ ನಡಿಗೆಯ ನಾಲ್ಕು ಗೀಟು, ಬಲಕ್ಕೆ ಓದಿನ ಐದು. ಹೊಡೆದುಹಾಕಿದ ವಾರಗಳಿಗೆ ಮನೆಯೇ ಇರುವುದಿಲ್ಲ, ಹಾಗಾಗಿ ಹಬ್ಬದ ವಾರ ಹಾಳೆ ಖಾಲಿ ಕಾಣುವುದಿಲ್ಲ. ಆ್ಯಪ್‌ನಲ್ಲಿ ಕಷ್ಟ ಅದೇ. ಅದು ಸತತ ದಿನಗಳನ್ನು ಎಣಿಸುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆ ತೋರಿಸುತ್ತದೆ, ಸೊನ್ನೆ ಕಂಡವರು ಕೈಬಿಡುತ್ತಾರೆ. ಹಾಳೆಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸುತ್ತೇನೆ, ಬಂದವರಿಗೆ ಕಾಣಬೇಕಾಗಿಲ್ಲ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುವ ಮಾತನ್ನು ಪಕ್ಕಕ್ಕಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ಆಗುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕಾಯಿತು. ಒಬ್ಬೊಬ್ಬರ ನಡುವೆ ವ್ಯತ್ಯಾಸ 18ರಿಂದ 254 ದಿನದವರೆಗೆ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಕಾಣಲಿಲ್ಲ. ಜನವರಿ 1ರಿಂದ 66 ಎಣಿಸಿದರೆ ಮಾರ್ಚ್ 7. ಅದಕ್ಕೆ ನಾನು ಮೊದಲ ಲೆಕ್ಕ ನೋಡುವುದು ಉಗಾದಿಗೆ, ಅದಕ್ಕಿಂತ ಮುಂಚೆ ಗುರಿಯ ಬಗ್ಗೆ ತೀರ್ಪು ಕೊಡುವುದಿಲ್ಲ. ಎರಡನೆಯದು ಆಷಾಢದಲ್ಲಿ, ಮೂರನೆಯದು ಆಯುಧಪೂಜೆ ಕಳೆದ ಮೇಲೆ.

ಕೈಬಿಡುವ ನಿಯಮವನ್ನೂ ಡಿಸೆಂಬರ್‌ನಲ್ಲೇ ಬರೆದಿಡಬೇಕು, ಏಪ್ರಿಲ್‌ನ ಬೇಸರದಲ್ಲಿ ಬರೆದರೆ ಅದು ನೆಪವಾಗುತ್ತದೆ. ಸತತ ಮೂರು ಮನೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಗೀಟು ಬಿದ್ದರೆ ಅಂಕಿಯನ್ನು ಅರ್ಧಕ್ಕಿಳಿಸುತ್ತೇನೆ: ನಾಲ್ಕು ದಿನ ಎರಡಾಗುತ್ತದೆ, 15 ಪುಟ 8 ಆಗುತ್ತದೆ. ಹೊತ್ತು, ಜಾಗ ಬದಲಿಸುವುದಿಲ್ಲ. ಇಳಿಸಿದ ಅಂಕಿಯೂ ಮುಂದಿನ ಆರು ಮನೆಗಳಲ್ಲಿ ನಿಲ್ಲದಿದ್ದರೆ ಆ ಗುರಿಗೆ ಅಡ್ಡಗೆರೆ. ಅದರ ಜಾಗಕ್ಕೆ ಆ ವರ್ಷ ಇನ್ನೊಂದು ಬರುವುದಿಲ್ಲ, ಉಳಿದೆರಡಕ್ಕೆ ಆ ಹೊತ್ತು ಹೋಗುತ್ತದೆ.

ಬಾಕಿಯ ವಿಷಯದಲ್ಲಿ ಮೂರಕ್ಕೂ ಬೇರೆ ಬೇರೆ ಲೆಕ್ಕ. ನಡಿಗೆಯ ಬಾಕಿ ಮುಂದಿನ ವಾರಕ್ಕೆ ಹೋಗುವುದಿಲ್ಲ. ತಪ್ಪಿದ ಮೂರು ದಿನವನ್ನು ಭಾನುವಾರ ಎರಡು ಗಂಟೆ ನಡೆದು ತೀರಿಸಲು ಹೋದರೆ ಮಂಡಿ ಹಿಡಿಯುತ್ತದೆ. ದುಡ್ಡಿನ ಬಾಕಿ ಪೂರ್ತಿ ಮುಂದಕ್ಕೆ, ಬೋನಸ್ ಅಥವಾ ತೆರಿಗೆ ರಿಫಂಡ್ ಬಂದಾಗ ಮೊದಲ ಪಾಲು ಅದಕ್ಕೆ. ಓದಿನ ಬಾಕಿ 250 ಪುಟ ಮುಟ್ಟಿದರೆ ಪಟ್ಟಿಯಿಂದ ಒಂದು ಪುಸ್ತಕ ತೆಗೆಯುತ್ತೇನೆ, ದಿನದ 15ನ್ನು 20 ಮಾಡುವುದಿಲ್ಲ.