ಹೃದಯದ ಸುತ್ತ ನೀರು ತುಂಬಿ ಅದುಮಿದಾಗ: ಎದೆಮೂಳೆಯ ಕೆಳಗಿನಿಂದ ಕಿಂಡಿ ತೆರೆಯುವ ಬಗೆ

ಹೃದಯವನ್ನು ಸುತ್ತಿಕೊಂಡಿರುವ ಪೆರಿಕಾರ್ಡಿಯಂ ಚೀಲದಲ್ಲಿ ಸಹಜವಾಗಿಯೇ 15ರಿಂದ 50 ಮಿ.ಲೀ. ದ್ರವ ಇರುತ್ತದೆ. ಆ ಚೀಲ ತಕ್ಷಣಕ್ಕೆ ಹಿಗ್ಗುವುದಿಲ್ಲ. ಗಾಯದಿಂದ ರಕ್ತ ಒಮ್ಮೆಲೇ ನುಗ್ಗಿದರೆ 150–200 ಮಿ.ಲೀ. ಸಾಕು, ಹೃದಯ ಅದುಮಿಹೋಗುತ್ತದೆ. ಕ್ಷಯದಲ್ಲೋ ಕ್ಯಾನ್ಸರಿನಲ್ಲೋ ವಾರಗಟ್ಟಲೆ ನಿಧಾನವಾಗಿ ತುಂಬಿದ್ದರೆ ಒಂದು ಲೀಟರ್ ದಾಟಿದರೂ ರೋಗಿ ನಡೆದುಕೊಂಡೇ ಬರಬಹುದು. ಆದ್ದರಿಂದ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ನೀರಿನ ದಪ್ಪ ಎಷ್ಟು ಸೆಂ.ಮೀ. ಎಂದು ನೋಡುವ ಮೊದಲು ಬಲ ಹೃತ್ಕುಕ್ಷಿ ಡಯಾಸ್ಟೊಲಿನಲ್ಲಿ, ಅಂದರೆ ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳುವ ಹೊತ್ತಿನಲ್ಲಿ, ಒಳಕ್ಕೆ ಕುಸಿಯುತ್ತಿದೆಯೇ, ಕೆಳ ಮಹಾಸಿರೆ ಉಬ್ಬಿಕೊಂಡು ಉಸಿರೆಳೆದಾಗಲೂ ಸಣ್ಣದಾಗದೆ ನಿಂತಿದೆಯೇ ಎಂದು ನೋಡುತ್ತೇನೆ. ಉಸಿರೆಳೆದಾಗ ಸಿಸ್ಟೊಲಿಕ್ (ಮೇಲಿನ) ಬಿಪಿ 10 ಮಿ.ಮೀ.ಗಿಂತ ಹೆಚ್ಚು ಇಳಿಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಬಿಪಿ ಇಳಿಕೆ, ಕತ್ತಿನ ಸಿರೆಗಳ ಉಬ್ಬು, ಹೃದಯದ ಮಂದ ಸದ್ದು ಎಂದು ಶಸ್ತ್ರವೈದ್ಯ ಕ್ಲಾಡ್ ಬೆಕ್ 1935ರಲ್ಲಿ ಹೇಳಿದ ಮೂರೂ ಒಟ್ಟಿಗೆ ಕಾಣಲಿ ಎಂದು ಕಾಯುತ್ತಾ ಕೂತರೆ ಹೊತ್ತು ಮೀರುತ್ತದೆ.

ಹೆಚ್ಚಿನವರಿಗೆ ಎಕೋ ನೋಡಿಕೊಂಡು ಸೂಜಿ ಹಾಕಿ ತುದಿ ಸುರುಳಿಯಾದ ಪಿಗ್‌ಟೇಲ್ ಕೊಳವೆ ಬಿಟ್ಟರೆ ಸಾಕು, ಚಾಕು ಬೇಡ. ರಕ್ತ ಹೆಪ್ಪುಗಟ್ಟಿದ್ದರೆ, ಕೀವಾಗಿದ್ದರೆ, ನೀರು ಹೃದಯದ ಹಿಂಬದಿಯಲ್ಲಿ ಕೋಣೆ ಕೋಣೆಯಾಗಿ ನಿಂತಿದ್ದರೆ, ತೆಗೆದಷ್ಟೂ ಮತ್ತೆ ತುಂಬುತ್ತಿದ್ದರೆ, ಇಲ್ಲವೇ ಚೀಲದ ತುಣುಕೇ ಪರೀಕ್ಷೆಗೆ ಬೇಕಿದ್ದರೆ ಎದೆಮೂಳೆಯ ಕೆಳಗಿನಿಂದ ಕೊಯ್ದು ಚೀಲದಲ್ಲಿ ಕಿಂಡಿ ತೆರೆಯುತ್ತೇವೆ. ಮಹಾಧಮನಿ ಸೀಳಿ ಚೀಲಕ್ಕೆ ರಕ್ತ ಬಂದಿದ್ದರೆ ಮಾತ್ರ ಈ ದಾರಿ ಹಿಡಿಯಬಾರದು. ಅಲ್ಲಿ ಮಾಡಬೇಕಾದದ್ದು ಧಮನಿಯ ದುರಸ್ತಿ. ಬರೀ ರಕ್ತ ಬಸಿದರೆ ಬಿಪಿ ಏರಿ ಸೀಳು ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಈ ಶಸ್ತ್ರಕ್ರಿಯೆಯಲ್ಲಿ ಅತ್ಯಂತ ಅಪಾಯದ ಗಳಿಗೆ ಚಾಕು ಇಡುವುದಕ್ಕಿಂತ ಮುಂಚೆಯೇ ಬರುತ್ತದೆ, ಅರಿವಳಿಕೆ ಕೊಡುವಾಗ. ಅದುಮಿದ ಹೃದಯ ಬಡಿತದ ವೇಗದಿಂದ, ಬಿಗಿದ ರಕ್ತನಾಳಗಳಿಂದ, ಸಿರೆಗಳಲ್ಲಿ ತುಂಬಿ ನಿಂತ ರಕ್ತದಿಂದ ಹೇಗೋ ನಿಭಾಯಿಸುತ್ತಿರುತ್ತದೆ. ಅರಿವಳಿಕೆ ಮದ್ದು ಪ್ರೊಪೊಫಾಲ್ ಕೊಟ್ಟರೆ ನಾಳಗಳು ಸಡಿಲವಾಗುತ್ತವೆ. ವೆಂಟಿಲೇಟರ್ ಎದೆಯೊಳಕ್ಕೆ ಗಾಳಿ ಒತ್ತಿದೊಡನೆ ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ಎರಡೂ ಕೂಡಿದರೆ ಮೇಜಿನ ಮೇಲೆಯೇ ಹೃದಯ ನಿಲ್ಲಬಹುದು. ಅದಕ್ಕೇ ರೋಗಿ ಎಚ್ಚರವಾಗಿರುವಾಗಲೇ ಕತ್ತಿನಿಂದ ತೊಡೆಯವರೆಗೆ ಔಷಧಿ ಬಳಿದು, ಬಟ್ಟೆ ಹೊದಿಸಿ, ಗೌನು ಗ್ಲೌಸು ಹಾಕಿ, ಕೈಯಲ್ಲಿ ಚಾಕು ಹಿಡಿದು ನಿಂತ ಮೇಲಷ್ಟೇ ಅರಿವಳಿಕೆ ವೈದ್ಯರಿಗೆ ಶುರುಮಾಡಿ ಎನ್ನುತ್ತೇನೆ. ರೋಗಿ ತೀರಾ ಕುಸಿದಿದ್ದರೆ 1% ಲಿಗ್ನೊಕೇನ್ ಚುಚ್ಚಿ ಸ್ಥಳೀಯ ಅರಿವಳಿಕೆಯಲ್ಲೇ ಚೀಲ ತೆರೆಯುವುದು ಲೇಸು. ಜೊತೆಗೆ ಸ್ವಲ್ಪ ಕೆಟಮಿನ್ ಕೊಟ್ಟರೆ ಅವರಾಗಿ ಉಸಿರಾಡುತ್ತಲೇ ಇರುತ್ತಾರೆ. ಚಪ್ಪಟೆಯಾಗಿ ಮಲಗಲಾಗದವರನ್ನು ಬಲವಂತವಾಗಿ ಮಲಗಿಸುವುದಿಲ್ಲ, ತಲೆಭಾಗ 30 ಡಿಗ್ರಿ ಏರಿಸಿದರೂ ಕೆಲಸ ನಡೆಯುತ್ತದೆ. ಧಮನಿಯೊಳಗಿನ ಬಿಪಿ ಲೈನ್, ಹೊಂದಾಣಿಕೆಯಾದ ರಕ್ತ, ಎದೆಮೂಳೆ ಕೊಯ್ಯುವ ಗರಗಸ, ಡಿಫಿಬ್ರಿಲೇಟರ್ ಪ್ಯಾಡ್ ಇಷ್ಟೂ ಸಿದ್ಧವಿರಬೇಕು.

ಎದೆಮೂಳೆಯ ತುದಿಯ ಮೇಲಿಂದ ಕೆಳಕ್ಕೆ, ನಡುಗೆರೆಯಲ್ಲಿ 5ರಿಂದ 8 ಸೆಂ.ಮೀ. ಕೊಯ್ದುಕೊಂಡು ಲೀನಿಯಾ ಆಲ್ಬಾ (ಹೊಟ್ಟೆಯ ಸ್ನಾಯುಗಳು ನಡುವಿನಲ್ಲಿ ಕೂಡುವ ಗಟ್ಟಿ ಪಟ್ಟಿ) ಬಿಡಿಸುತ್ತೇನೆ. ಅದರ ಕೆಳಗಿನ ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ತೆರೆದುಕೊಳ್ಳಬಾರದು. ತೆರೆದರೆ ಅಲ್ಲೇ ಹೊಲಿದುಬಿಡಬೇಕು, ಇಲ್ಲವಾದರೆ ಕೀವು ಅಥವಾ ಕ್ಯಾನ್ಸರ್ ಕೋಶಗಳಿರುವ ನೀರು ಹೊಟ್ಟೆಗೆ ಇಳಿಯುತ್ತದೆ. ಎದೆಮೂಳೆಯ ಜಿಫಾಯ್ಡ್ ಎಂಬ ಕೆಳತುದಿ ಅಡ್ಡ ಬಂದರೆ ಕತ್ತರಿಸಿ ತೆಗೆಯುತ್ತೇನೆ. ಅದರ ಎರಡೂ ಪಕ್ಕದ ಸಣ್ಣ ರಕ್ತನಾಳಗಳನ್ನು ಆಗಲೇ ಸುಟ್ಟುಕೊಳ್ಳಬೇಕು. ಬಿಪಿ ಕಡಿಮೆ ಇರುವಾಗ ಅವು ಸುಮ್ಮನಿರುತ್ತವೆ, ನೀರು ಬಸಿದು ಬಿಪಿ ಏರಿದ ಮೇಲೆ ಜಿನುಗಲು ಶುರುಮಾಡುತ್ತವೆ. ಆಮೇಲೆ ಎದೆಮೂಳೆಯ ಬೆನ್ನಿಗೆ ಬೆರಳು ಹಾಕಿ ಕೊಬ್ಬನ್ನು ಸರಿಸುತ್ತಾ ಹೋಗಬೇಕು. ಸಹಾಯಕರು ಎದೆಮೂಳೆಯನ್ನು ಮೇಲಕ್ಕೆ ಎತ್ತಿ, ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಕೆಳಕ್ಕೆ ಒತ್ತಿ ಹಿಡಿದರೆ ಬಿಗಿದ ಬೆಳ್ಳನೆಯ ಚೀಲ ಕಾಣಿಸುತ್ತದೆ. ಒಳಗೆ ರಕ್ತವಿದ್ದರೆ ನೀಲಿಯಾಗಿರುತ್ತದೆ. ವಪೆಯನ್ನೇ ಚೀಲವೆಂದು ತಿಳಿದು ಕತ್ತರಿಸುವ ಸಂಭವ ಇಲ್ಲಿದೆ. ಸ್ನಾಯುವಿನ ಕೆಂಪು ಎಳೆಗಳು ಕಂಡರೆ ನೀವು ತೀರಾ ಕೆಳಗಿದ್ದೀರಿ ಎಂದರ್ಥ.

ಸಂಶಯವಿದ್ದರೆ ಮೊದಲು ಸಣ್ಣ ಸೂಜಿಯಿಂದ ಎಳೆದು ನೋಡುತ್ತೇನೆ. ಬಳಿಕ ಚೀಲಕ್ಕೆ ಎರಡು ಕಡೆ 2-0 ಸಿಲ್ಕ್ ಹೊಲಿಗೆ ಹಾಕಿ, ಅದನ್ನು ಹೃದಯದಿಂದ ದೂರಕ್ಕೆ ಎತ್ತಿ ಹಿಡಿದು, ನಡುವೆ ಚಿಕ್ಕದಾಗಿ ಸೀಳುತ್ತೇನೆ. ಎತ್ತದೆ ಸೀಳಿದರೆ ಬಲ ಹೃತ್ಕುಕ್ಷಿಗೆ ತಾಗುವ ಅಪಾಯವಿದೆ. ಹಿಂದೆ ಹೃದಯ ಶಸ್ತ್ರಕ್ರಿಯೆ ಆಗಿ ಎಲ್ಲ ಅಂಟಿಕೊಂಡವರಲ್ಲಂತೂ ಇದನ್ನು ಮರೆಯುವಂತೆಯೇ ಇಲ್ಲ.

ಸೀಳಿದೊಡನೆ ನೀರು ಚಿಮ್ಮುತ್ತದೆ. ಸಕ್ಷನ್ ಜೋರಾಗಿಟ್ಟು ಒಂದೇ ಉಸಿರಿಗೆ ಖಾಲಿಮಾಡುವ ಆಸೆ ಬೇಡ. ಮೊದಲ 50–100 ಮಿ.ಲೀ. ಹೋದಾಗಲೇ ಬಿಪಿ ಏರತೊಡಗುತ್ತದೆ, ಏರಿದ ಮೇಲೆ ಅವಸರವೇನಿದೆ? ಬಹುಕಾಲ ಅದುಮಿದ್ದ ಹೃದಯದ ಸುತ್ತಲಿನ ಒತ್ತಡ ಒಮ್ಮೆಲೇ ತಪ್ಪಿದರೆ ಕುಕ್ಷಿಗಳು ಸೋತು ಶ್ವಾಸಕೋಶದಲ್ಲಿ ನೀರು ತುಂಬುವುದುಂಟು. ಹೆಚ್ಚು ನೀರಿದ್ದರೆ ಬಿಪಿ ಸರಿಹೋಗುವಷ್ಟು ತೆಗೆದು, ಉಳಿದದ್ದನ್ನು ಡ್ರೈನ್ (ಬಸಿಯುವ ಕೊಳವೆ) ಮೂಲಕ ಬಿಟ್ಟು ಬಿಟ್ಟು ಇಳಿಸುತ್ತೇನೆ. ಇದೇ ಹೊತ್ತಿಗೆ ಅರಿವಳಿಕೆಯವರು ಬಿಪಿ ಎತ್ತಿಹಿಡಿಯಲು ಕೊಡುತ್ತಿದ್ದ ಅಡ್ರಿನಲಿನ್ ಪ್ರಮಾಣವನ್ನು ತಗ್ಗಿಸದಿದ್ದರೆ ಬಿಪಿ 200 ದಾಟಬಹುದು. ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು.

ಕಿಂಡಿಯಿಂದ ಬೆರಳು ಹಾಕಿ ಅಡ್ಡಗೋಡೆಗಳನ್ನು ಮೆಲ್ಲಗೆ ಬಿಡಿಸಿ, ಚೀಲದ 3–4 ಸೆಂ.ಮೀ. ಅಗಲದ ತುಣುಕು ಕತ್ತರಿಸುತ್ತೇನೆ. ಈ ತುಣುಕನ್ನು ಇಡಿಯಾಗಿ ಫಾರ್ಮಲಿನ್‌ಗೆ ಹಾಕುವುದು ಎಲ್ಲೆಡೆ ಕಾಣುವ ಎಡವಟ್ಟು. ಫಾರ್ಮಲಿನ್ ಕ್ಷಯದ ರೋಗಾಣುವನ್ನು ಕೊಲ್ಲುತ್ತದೆ, ಕಲ್ಚರಿನಲ್ಲಿ ಆಮೇಲೆ ಏನೂ ಬೆಳೆಯುವುದಿಲ್ಲ. ಅರ್ಧ ಫಾರ್ಮಲಿನ್‌ಗೆ, ಅರ್ಧ ಸ್ಟೆರೈಲ್ ಸಲೈನ್‌ಗೆ ಹೋಗಬೇಕು. ನೀರನ್ನು ಕೋಶ ಎಣಿಕೆ, ಕಲ್ಚರ್, ಕ್ಷಯದ ಜೀನ್ ಪರೀಕ್ಷೆ, ಎಡಿಎ (ಕ್ಷಯದಲ್ಲಿ ಏರುವ ಕಿಣ್ವ), ಕ್ಯಾನ್ಸರ್ ಕೋಶಗಳ ಹುಡುಕಾಟಕ್ಕೆ ಕಳಿಸುತ್ತೇವೆ. ಕ್ಯಾನ್ಸರ್ ಪರೀಕ್ಷೆಗೆ ಹತ್ತಾರು ಮಿ.ಲೀ. ಕೊಡಿ, ಎರಡು ಮಿ.ಲೀ. ಕೊಟ್ಟು ಉತ್ತರ ಕೇಳಬೇಡಿ.

28 ಅಥವಾ 32 ಫ್ರೆಂಚ್ (ಕೊಳವೆಯ ದಪ್ಪದ ಅಳತೆ) ಡ್ರೈನನ್ನು ಗಾಯದ ಮೂಲಕ ತರದೆ ಬೇರೆ ಸಣ್ಣ ತೂತಿನಿಂದ ತಂದು, ಗಾಳಿ ಹಿಂದಕ್ಕೆ ನುಗ್ಗದಂತೆ ತಡೆಯುವ ನೀರಿನ ಸೀಲಿನ ಬಾಟಲಿಗೆ ಸೇರಿಸುತ್ತೇನೆ. ಗಾಯದಿಂದಲೇ ತಂದರೆ ಅಲ್ಲಿ ಸೋಂಕು, ಮುಂದೆ ಹರ್ನಿಯಾ ಆಗುವ ಸಂಭವ ಹೆಚ್ಚು. ಲೀನಿಯಾ ಆಲ್ಬಾವನ್ನು ಗಟ್ಟಿ ದಾರದಿಂದ ಮುಚ್ಚಬೇಕು. ಕಿಂಡಿ ಸದಾ ತೆರೆದೇ ಇರುವುದಿಲ್ಲ, ಚೀಲದ ಎರಡು ಪದರಗಳು ಅಂಟಿಕೊಂಡು ಜಾಗವೇ ಇಲ್ಲವಾಗುವುದರಿಂದ ನೀರು ಮರಳುವುದು ನಿಲ್ಲುತ್ತದೆ ಎನ್ನುವುದು ಇಂದಿನ ತಿಳಿವಳಿಕೆ. ಆದ್ದರಿಂದ ಡ್ರೈನನ್ನು ಬೇಗ ಕೀಳುವುದಿಲ್ಲ. 24 ಗಂಟೆಗೆ 50 ಮಿ.ಲೀ.ಗಿಂತ ಕಡಿಮೆಯಾಗಿ, ಎಕೋದಲ್ಲೂ ನೀರು ಕಾಣದಾದ ಮೇಲೆ ತೆಗೆಯುತ್ತೇನೆ. ಹರಿವು ಥಟ್ಟನೆ ನಿಂತು ಬಿಪಿ ಇಳಿಯತೊಡಗಿದರೆ ನೀರು ಮುಗಿದಿದೆ ಎಂದುಕೊಳ್ಳಬೇಡಿ, ಡ್ರೈನ್ ಹೆಪ್ಪಿನಿಂದ ಕಟ್ಟಿಕೊಂಡಿರಬಹುದು.

ನೀರು ಹೋದರೂ ಬಿಪಿ ಏರದಿದ್ದರೆ? ಹಿಂಬದಿಯ ಕೋಣೆಯೊಂದು ಉಳಿದಿರಬಹುದು, ಅನ್ನನಾಳದ ಮೂಲಕ ಮಾಡುವ ಎಕೋ ಅದನ್ನು ತೋರಿಸುತ್ತದೆ. ಹೃದಯದ ಸ್ನಾಯುವೇ ಸೋತಿರಬಹುದು. ಇಲ್ಲವೇ ಹೃದಯಕ್ಕೆ ಅಂಟಿದ ಒಳಪದರ ದಪ್ಪಗಾಗಿ ಹಿಂಡುತ್ತಿರಬಹುದು. ಕ್ಷಯದಲ್ಲಿ ಇದನ್ನು ಮರೆಯಬಾರದು: ನೀರೆಲ್ಲ ಹೋದ ಮೇಲೂ ಕತ್ತಿನ ಸಿರೆ ಉಬ್ಬಿಯೇ ಇದ್ದರೆ ಕಿಂಡಿ ಸಾಲದು. ಕ್ಷಯದ ಔಷಧಿ ನಡೆಯುತ್ತಿರುವಾಗಲೂ ಎಕೋ ಮಾಡಿಸುತ್ತಾ ಹೋಗಿ, ಬಿಗಿತ ಸಡಿಲವಾಗದಿದ್ದರೆ ಪದರವನ್ನೇ ಸುಲಿದು ತೆಗೆಯುವ ಪೆರಿಕಾರ್ಡಿಯೆಕ್ಟಮಿಗೆ ಅಣಿಯಾಗಬೇಕು.