ಫ್ರಾನ್ಸಿನ ಕಾಲುವೆಯಲ್ಲಿ ದೋಣಿಯೇ ಮನೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹೊರಡುವವರಿಗೆ

ಘಟಪ್ರಭಾ ಎಡದಂಡೆ ಕಾಲುವೆಯನ್ನೋ ಆಲಮಟ್ಟಿಯ ಕಾಲುವೆಗಳನ್ನೋ ನೋಡುತ್ತ ಬೆಳೆದವರಿಗೆ ಕಾಲುವೆ ಎಂದರೆ ಹೊಲಕ್ಕೆ ಹರಿಯುವ ನೀರು. ಫ್ರಾನ್ಸಿನ ಸಂಚಾರ ಕಾಲುವೆ ಹಾಗಲ್ಲ. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ದೋಣಿ ಗುಡ್ಡ ಹತ್ತಿ ಇಳಿಯಲು ದಾರಿಯುದ್ದಕ್ಕೂ ಲಾಕ್‌ಗಳಿವೆ. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ. ನೀರು ತುಂಬಿದರೆ ದೋಣಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. 39 ಮೀಟರ್ ಉದ್ದ, 5.2 ಮೀಟರ್ ಅಗಲದ ಲಾಕ್‌ನಲ್ಲಿ 2.7 ಮೀಟರ್ ಏರಿಳಿದರೆ ಪ್ರತಿ ಸಲ ಸುಮಾರು ಐದೂವರೆ ಲಕ್ಷ ಲೀಟರ್ ನೀರು ಕೆಳಗೆ ಹೋಗುತ್ತದೆ. ಅದು ಬರುವುದು ಮೇಲಿನ ಕೆರೆಗಳಿಂದ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ಜುಲೈ-ಆಗಸ್ಟ್ ಹೊತ್ತಿಗೆ ಕಾಲುವೆಯ ಆಳ ಇಳಿಸುತ್ತಾರೆ, ಕೆಲವು ಭಾಗಗಳನ್ನು ಮುಚ್ಚಿಯೂ ಬಿಡುತ್ತಾರೆ. ಬರಗಾಲ ಕಂಡ ವಿಜಯಪುರದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ದೋಣಿ, ಯಾವ ದಾರಿ, ಯಾವ ತಿಂಗಳು ಎಂಬುದೆಲ್ಲ ಈ ನೀರಿನ ಲೆಕ್ಕದಿಂದಲೇ ತೀರ್ಮಾನವಾಗಬೇಕು.

ನಾಲ್ಕು ಅಳತೆ

ದೋಣಿಯ ಅಂದಚೆಂದ ನೋಡುವ ಮೊದಲು ಉದ್ದ, ಅಗಲ, ನೀರೊಳಗಿನ ಆಳ, ನೀರಿನ ಮೇಲಿನ ಎತ್ತರ ಬರೆದುಕೊಳ್ಳಿ. 1879ರಲ್ಲಿ ಸಚಿವ ಶಾರ್ಲ್ ದ ಫ್ರೆಸಿನೆ ತಂದ ಕಾನೂನು ಮುಖ್ಯ ಕಾಲುವೆಗಳಿಗೆ ಒಂದೇ ಅಳತೆ ನಿಗದಿ ಮಾಡಿತು: 38.5 ಮೀಟರ್ ಉದ್ದ, 5.05 ಮೀಟರ್ ಅಗಲದ ಸರಕು ದೋಣಿ ಹಿಡಿಸಬೇಕು. ಆದ್ದರಿಂದ ಉದ್ದ-ಅಗಲದಲ್ಲಿ ಸಣ್ಣ ದೋಣಿಗೆ ತೊಂದರೆಯಿಲ್ಲ. ತೊಂದರೆ ಕೊಡುವುದು ಆಳ ಮತ್ತು ಎತ್ತರ.

ಬರ್ಗಂಡಿ ಕಾಲುವೆಯ ನೆತ್ತಿಯಲ್ಲಿ ಪುಯಿ-ಅನ್-ಒಸ್ವಾ ಊರಿನ ಕೆಳಗೆ 3,333 ಮೀಟರ್ ಉದ್ದದ ಸುರಂಗವಿದೆ. ಅಲ್ಲಿ ಕಮಾನಿನ ನಡುವೆ ಸಿಗುವ ಎತ್ತರ ಸುಮಾರು 3.1 ಮೀಟರ್ ಮಾತ್ರ. ದಕ್ಷಿಣದ ಕೆನಾಲ್ ದ್ಯು ಮಿದಿಯ ಹಳೇ ಸೇತುವೆಗಳೂ ಕಮಾನಿನವೇ. ನಡುವೆ ದಾಟುವ ದೋಣಿಯ ಛಾವಣಿಯ ಮೂಲೆಗಳು ಬದಿಯ ಕಲ್ಲಿಗೆ ಉಜ್ಜುತ್ತವೆ. ಹಾಗಾಗಿ ಎತ್ತರವನ್ನು ಛಾವಣಿಯ ಮೂಲೆಯಲ್ಲೂ ಅಳೆಯಿರಿ. ಇನ್ನೊಂದು ಮಾತು: ಎತ್ತರವನ್ನು ಟಾಕಿಗಳು ಖಾಲಿ ಇದ್ದಾಗ ಅಳೆಯಬೇಕು, ಆಳವನ್ನು ಎಲ್ಲ ತುಂಬಿದಾಗ. 11 ಮೀಟರ್ ಉದ್ದದ ದೋಣಿಗೆ ಒಂದು ಟನ್ ನೀರು-ಡೀಸೆಲ್ ತುಂಬಿದರೆ ಅದು ಮೂರ್ನಾಲ್ಕು ಸೆಂಟಿಮೀಟರ್ ತಗ್ಗುತ್ತದೆ. ಸೇತುವೆಯಡಿ ತಗಲುವುದಕ್ಕೂ ಪಾರಾಗುವುದಕ್ಕೂ ಅಷ್ಟೇ ವ್ಯತ್ಯಾಸ ಸಾಕು.

ಇಬ್ಬರು ವರ್ಷದಲ್ಲಿ ಹಲವು ತಿಂಗಳು ಇರಲು 10ರಿಂದ 12 ಮೀಟರ್ ಉದ್ದ, ಸುಮಾರು 3.5 ಮೀಟರ್ ಅಗಲ, ಒಂದು ಮೀಟರ್ ಆಸುಪಾಸಿನ ಆಳ, 3 ಮೀಟರ್‌ಗಿಂತ ಕಡಿಮೆ ಎತ್ತರದ ಉಕ್ಕಿನ ದೋಣಿ ಸಾಕು. ಹಳೇ ಉಕ್ಕಿನ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಳದ ತಗಡಿನ ದಪ್ಪವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಸದೆ ಮುಂಗಡ ಕೊಡಬೇಡಿ. 4 ಮಿಲಿಮೀಟರ್‌ಗಿಂತ ಕಡಿಮೆ ಬಂದ ಕಡೆ ವಿಮೆ ಕಂಪನಿಗಳು ತಕರಾರು ತೆಗೆಯುತ್ತವೆ, ಅದರ ಮೇಲೆ ಹೊಸ ತಗಡು ಬೆಸೆಯುವ ಖರ್ಚು ದೊಡ್ಡದು. ಸೋನ್ ನದಿಯ ದಂಡೆಯ ಸೈಂ-ಜಾನ್-ದ-ಲೋನ್ ಊರಿನಲ್ಲಿ ದೋಣಿ ಮಾರುವವರು, ಎತ್ತುವ ಕ್ರೇನ್, ರಿಪೇರಿಯವರು ಒಂದೇ ಕಡೆ ಸಿಗುತ್ತಾರೆ. ಬರ್ಗಂಡಿ ಕಾಲುವೆ ಅಲ್ಲಿಂದಲೇ ಶುರು.

ಕಾಗದಪತ್ರ

ಬಾಡಿಗೆ ದೋಣಿಗೆ ಲೈಸೆನ್ಸ್ ಬೇಡ. ಬಾಡಿಗೆ ಕೊಡುವವರು ಅಲ್ಲೇ ಚಾಲನೆ ಹೇಳಿಕೊಟ್ಟು ತಾತ್ಕಾಲಿಕ ಕಾರ್ಡ್ ಕೊಡುತ್ತಾರೆ. ಮೊದಲು ಒಂದೆರಡು ವಾರ ಹೀಗೇ ಹೋಗಿ, ಆಮೇಲೆ ಕೊಳ್ಳುವ ಯೋಚನೆ ಮಾಡುವುದು ಲೇಸು. ಸ್ವಂತ ದೋಣಿಗಾದರೆ ಫ್ರಾನ್ಸಿನ ಒಳನಾಡು ಜಲಮಾರ್ಗದ ಪರವಾನಗಿ ಬೇಕು, ಇಲ್ಲವೇ ಸೆವ್ನಿ ಎಂಬ ಯುರೋಪಿನ ಒಳನಾಡು ಜಲಸಂಚಾರ ನಿಯಮಗಳ ಪರೀಕ್ಷೆ ಪಾಸಾದ ಅಂತರರಾಷ್ಟ್ರೀಯ ಪ್ರಮಾಣಪತ್ರ ಬೇಕು. ಫ್ರೆಂಚ್ ಪರೀಕ್ಷೆ ಫ್ರೆಂಚಿನಲ್ಲೇ ಇರುತ್ತದೆ. 5 ಮೀಟರ್‌ಗಿಂತ ಉದ್ದದ ಅಥವಾ 9.9 ಅಶ್ವಶಕ್ತಿ ಮೀರಿದ ಎಂಜಿನ್ನಿನ ದೋಣಿಗೆ ವಿಎನ್‌ಎಫ್ ಎಂಬ ಸರ್ಕಾರಿ ಜಲಮಾರ್ಗ ಸಂಸ್ಥೆಯ ವಿನ್ಯೆಟ್ ಚೀಟಿ ಬೇಕು. ದೋಣಿಯ ಉದ್ದ ಮತ್ತು ದಿನಗಳ ಮೇಲೆ ಶುಲ್ಕ. ಸುಮಾರು 6,700 ಕಿಲೋಮೀಟರ್ ಜಾಲ ಅವರ ಕೈಯಲ್ಲಿದೆ. ಬ್ರಿಟನಿಯ ಕಾಲುವೆಗಳು ಅದರಲ್ಲಿಲ್ಲ.

ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅದಕ್ಕಿಂತ ಹೆಚ್ಚು ಇರುವವರು ಫ್ರಾನ್ಸಿನ ದೀರ್ಘಾವಧಿ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಬೇಕು. ಆದಾಯದ ದಾಖಲೆ, ಆರೋಗ್ಯ ವಿಮೆ, ಅಲ್ಲಿ ಕೆಲಸ ಮಾಡುವುದಿಲ್ಲವೆಂಬ ಮುಚ್ಚಳಿಕೆ ಕೇಳುತ್ತಾರೆ. ವಾಸದ ವಿಳಾಸವೂ ಬೇಕು. ಅಲೆಯುವ ದೋಣಿಗೆ ವಿಳಾಸವಿರುವುದಿಲ್ಲವಾದ್ದರಿಂದ ಒಂದು ಬಂದರಿನಲ್ಲಿ ಚಳಿಗಾಲದ ಜಾಗ ಗೊತ್ತುಮಾಡಿ ಅದರ ಕರಾರುಪತ್ರ ಇಟ್ಟುಕೊಳ್ಳಿ. ಹಣ ಕಳಿಸುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರಿಗೆ ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ. ದೋಣಿಯ ವ್ಯಾಟ್ ತೆರಿಗೆ ಕಟ್ಟಿದ ರಸೀದಿಯನ್ನು ಮಾರುವವರಿಂದ ತಪ್ಪದೆ ಪಡೆಯಿರಿ.

ಲಾಕ್ ದಾಟುವುದು

ಗಾಯಗಳಾಗುವುದು, ದೋಣಿ ಮುಳುಗುವುದು ಹೆಚ್ಚಾಗಿ ಇಲ್ಲಿಯೇ. ಇದನ್ನು ಇಬ್ಬರೂ ಕಲಿತಿರಬೇಕು. ಯಜಮಾನರು ಚುಕ್ಕಾಣಿ ಹಿಡಿದು, ಹಗ್ಗದ ಕೆಲಸ ಏನೆಂದು ಹೇಳದೆಯೇ ಮನೆಯವರನ್ನು ಮುಂದೆ ನಿಲ್ಲಿಸುವುದು ಅಪಾಯಕರ. ಇಬ್ಬರಿಗೂ ಲೈಫ್ ಜಾಕೆಟ್, ಜಾರದ ಚಪ್ಪಲಿ, ದಪ್ಪ ಕೈಗವಸು ಇರಲಿ. ಸೀರೆಯ ಸೆರಗು, ಓಢಣಿ, ಸಡಿಲ ಲುಂಗಿ ಬೇಡವೇ ಬೇಡ. 12ರಿಂದ 14 ಮಿಲಿಮೀಟರ್ ದಪ್ಪದ, 15-20 ಮೀಟರ್ ಉದ್ದದ ನಾಲ್ಕು ಹಗ್ಗ, ಎರಡೂ ಬದಿಗೆ ಮೂರು ನಾಲ್ಕರಂತೆ ಫೆಂಡರ್, ಅಂದರೆ ದೋಣಿ ಗೋಡೆಗೆ ಬಡಿಯದಂತೆ ತೂಗುಹಾಕುವ ಗಾಳಿ ತುಂಬಿದ ದಿಂಬು ಬೇಕು. ಟೈರ್ ತೂಗುಹಾಕಬೇಡಿ, ಕಿತ್ತು ಬಿದ್ದರೆ ಮುಳುಗಿ ಲಾಕ್ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ.

ಕೆಂಪು ದೀಪ ಇದ್ದರೆ ಕಾಯಿರಿ. ಕೆಂಪು-ಹಸಿರು ಒಟ್ಟಿಗೆ ಇದ್ದರೆ ಲಾಕ್ ಸಿದ್ಧವಾಗುತ್ತಿದೆ ಎಂದರ್ಥ. ಹಸಿರಾದ ಮೇಲೆಯೇ ಒಳಹೋಗಬೇಕು. ಎರಡು ಕೆಂಪು ಇದ್ದರೆ ಕೆಟ್ಟಿದೆ ಅಥವಾ ಮುಚ್ಚಿದೆ. ಕೆಲವು ಕಡೆ ಸಿಬ್ಬಂದಿ ಇರುತ್ತಾರೆ, ಕೆಲವು ಕಡೆ ಮೊದಲ ಲಾಕ್‌ನಲ್ಲಿ ರಿಮೋಟ್ ಕೊಡುತ್ತಾರೆ, ಇನ್ನು ಕೆಲವು ಕಡೆ ನೀರಿನ ಮೇಲೆ ತೂಗುವ ಕೋಲನ್ನು ಹಾದುಹೋಗುವಾಗ ತಿರುಗಿಸಬೇಕು. ಸ್ವಯಂಚಾಲಿತ ಲಾಕ್‌ನ ಗೋಡೆಯಲ್ಲಿ ಎರಡು ಸರಳುಗಳಿರುತ್ತವೆ. ಹಗ್ಗ ಹಾಕಿ ಇಬ್ಬರೂ ಸಿದ್ಧರಾದ ಮೇಲೆ ನೀಲಿ ಸರಳನ್ನು ಮೇಲೆತ್ತಿದರೆ ಕೆಲಸ ಶುರುವಾಗುತ್ತದೆ. ಕೆಂಪು ಸರಳು ತುರ್ತು ನಿಲುಗಡೆಗೆ. ಅದನ್ನು ಎಳೆದರೆ ಸಿಬ್ಬಂದಿ ಬಂದು ಸರಿಪಡಿಸುವವರೆಗೆ ಕಾಯಬೇಕಾದೀತು, ಆದರೆ ಅನುಮಾನ ಬಂದ ಕ್ಷಣ ಎಳೆಯಲು ಹಿಂಜರಿಯಬೇಡಿ.

ಏರುವಾಗ ಮುಂದಿನ ಬಾಗಿಲ ಕಡೆಯಿಂದ ನೀರು ನುಗ್ಗಿ ದೋಣಿಯನ್ನು ಹಿಂದಕ್ಕೂ ಪಕ್ಕಕ್ಕೂ ತಳ್ಳುತ್ತದೆ. ಮುಂದಿನ ಹಗ್ಗವನ್ನು ದಂಡೆಯ ಕಬ್ಬಿಣದ ಗೂಟಕ್ಕೆ ಸುತ್ತಿ, ತುದಿಯನ್ನು ದೋಣಿಗೆ ವಾಪಸ್ ತಂದು, ದೋಣಿ ಏರಿದಂತೆ ಸಡಿಲವನ್ನು ಎಳೆದುಕೊಳ್ಳುತ್ತಿರಿ. ಲಾಕ್‌ನ ಹಿಂಭಾಗದಲ್ಲಿ ನಿಂತರೆ ನೀರಿನ ರಭಸ ಕಡಿಮೆ.

ಇಳಿಯುವಾಗ ನೀರು ಶಾಂತ, ಆದರೆ ಅಪಾಯ ಹೆಚ್ಚು. ಹಗ್ಗವನ್ನು ಎಂದಿಗೂ ಗಂಟು ಹಾಕಬೇಡಿ. ಗಂಟು ಬಿಗಿದರೆ ಒಂದು ಬದಿ ತೂಗಿ ನಿಂತು ಇನ್ನೊಂದು ಬದಿ ಮುಳುಗುತ್ತದೆ. ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಚೂಪಾದ ಚಾಕು ಚುಕ್ಕಾಣಿಯ ಪಕ್ಕದಲ್ಲೇ ಕಟ್ಟಿರಲಿ. ಎರಡನೆಯದು, ಹಿಂದಿನ ಬಾಗಿಲ ಬುಡದಲ್ಲಿ ನೀರಿನೊಳಗೆ ಚಾಚಿದ ಕಲ್ಲಿನ ಹೊಸ್ತಿಲು. ನೀರು ಇಳಿದಂತೆ ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಚುಕ್ಕಾಣಿ ಮುರಿಯುತ್ತದೆ, ದೋಣಿ ಮುಂದಕ್ಕೆ ಮುಗ್ಗರಿಸುತ್ತದೆ. ಗೋಡೆಯ ಮೇಲೆ ಅದರ ಗುರುತಿನ ಗೆರೆ ಇರುತ್ತದೆ. ಅದರಿಂದ ಮುಂದೆಯೇ ನಿಲ್ಲಿ. ಗೋಡೆಗೂ ದೋಣಿಗೂ ನಡುವೆ ಕೈ, ಕಾಲು ಇಡಬೇಡಿ. ಹತ್ತು ಟನ್ ದೋಣಿಯನ್ನು ಮೈಬಲದಿಂದ ತಡೆಯಲಾಗದು, ಅದಕ್ಕೆ ಫೆಂಡರ್ ಇದೆ.

ದಿನದ ಲೆಕ್ಕವೂ ಲಾಕ್‌ಗಳಿಂದಲೇ. ಕಾಲುವೆಯಲ್ಲಿ ವೇಗಮಿತಿ ಸಾಮಾನ್ಯವಾಗಿ ಗಂಟೆಗೆ 6ರಿಂದ 8 ಕಿಲೋಮೀಟರ್. ಬರ್ಗಂಡಿ ಕಾಲುವೆ 242 ಕಿಲೋಮೀಟರ್, 189 ಲಾಕ್. ಒಂದೊಂದಕ್ಕೆ 20 ನಿಮಿಷ ಹಿಡಿದರೆ ಲಾಕ್‌ಗಳಿಗೇ 63 ಗಂಟೆ, ಸಾಗಲು 40 ಗಂಟೆ. ದಿನಕ್ಕೆ ಐದು ಗಂಟೆಯಂತೆ ಮೂರು ವಾರ ಬೇಕು. ಹಲವು ಲಾಕ್‌ಗಳು ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಗಂಟೆ ಮುಚ್ಚುತ್ತವೆ. ಮೇ 1ಕ್ಕೂ ರಜೆ.

ನೀರು, ಕರೆಂಟು, ಗ್ಯಾಸ್

ನಾಲ್ಕೈದು ನೂರು ಲೀಟರ್ ಟಾಕಿ ಇಬ್ಬರಿಗೆ ಜಿಪುಣತನದಿಂದ ಬಳಸಿದರೆ ಒಂದು ವಾರ. ನಳಕ್ಕೆ ಹಾಕುವ ಪೈಪಿನ ಜೊತೆ ಫ್ರಾನ್ಸಿನ 15/21 ಮತ್ತು 20/27 ಅಳತೆಯ ಎರಡೂ ಜೋಡಣೆ ಇಟ್ಟುಕೊಳ್ಳಿ, ಒಂದಿದ್ದ ಕಡೆ ಇನ್ನೊಂದು ಕೂರುವುದಿಲ್ಲ. ದಂಡೆಯ ಕರೆಂಟು ಕೆಲವು ಕಡೆ 6 ಆಂಪಿಯರ್ ಮಾತ್ರ, ಅಂದರೆ 1,380 ವ್ಯಾಟ್. ಎರಡು ಸಾವಿರ ವ್ಯಾಟ್‌ನ ಇಂಡಕ್ಷನ್ ಒಲೆ ಹಚ್ಚಿದರೆ ಟ್ರಿಪ್ ಆಗುತ್ತದೆ, ಆ ಡಬ್ಬಿಯ ಕೀಲಿ ಬಂದರಿನವರ ಹತ್ತಿರ ಇರುತ್ತದೆ, ಅವರು ಬೆಳಗ್ಗೆಯೇ ಬರುವುದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ.

ರೊಟ್ಟಿಗೆ ಗ್ಯಾಸ್ ಒಲೆಯೇ ಸರಿ. ನಮ್ಮ ರೆಗ್ಯುಲೇಟರ್ ಅಲ್ಲಿ ನಡೆಯದು. ಬ್ಯೂಟೇನ್‌ಗೆ 28, ಪ್ರೊಪೇನ್‌ಗೆ 37 ಮಿಲಿಬಾರ್‌ನದು ಅಲ್ಲಿಯೇ ಕೊಳ್ಳಬೇಕು. ಚಳಿ ಸೊನ್ನೆ ಡಿಗ್ರಿಗೆ ಬಂದರೆ ಬ್ಯೂಟೇನ್ ಆವಿಯಾಗದೆ ಒಲೆ ಸೊರಗುತ್ತದೆ, ಆಗ ಪ್ರೊಪೇನ್ ಬೇಕು. ಸೋರಿದ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಹೊರಗೆ ಹೋಗುತ್ತದೆ. ದೋಣಿಯಲ್ಲಿ ತಳದಲ್ಲಿ ಸೇರಿ ಎಂಜಿನ್ ಕಿಡಿಗೆ ಕಾಯುತ್ತದೆ. ಸಿಲಿಂಡರ್ ಹೊರಗೆ ತೂತಿರುವ ಪ್ರತ್ಯೇಕ ಗೂಡಿನಲ್ಲಿರಲಿ. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡೂ ಇರಲಿ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ, ಹಾಗಾಗಿ ಅಡುಗೆ ಮಾಡುವಾಗ ಕಿಟಕಿ ತೆರೆದಿಡಿ. ಖಡಕ್ ರೊಟ್ಟಿ ಒಯ್ದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಮೆತ್ತಗಾಗುತ್ತವೆ. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಒಯ್ಯಿರಿ. ಬೆಳಗಾವಿ ಕುಂದಾ, ತುಪ್ಪ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ನದಿಗೆ ಇಳಿದಾಗ

ನದಿಯಲ್ಲಿ ಹರಿವಿನ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಕ್ಕೆ ದಾರಿ ತೋರುವ ಕೆಂಪು ತೇಲುಬುರುಡೆ, ಎಡಕ್ಕೆ ಹಸಿರು. ಇವೆರಡರ ನಡುವೆಯೇ ಸಾಗಬೇಕು. ಎದುರು ಬರುವ ಸರಕು ಹಡಗು ನೀಲಿ ಫಲಕ ಎತ್ತಿ ಬಿಳಿ ದೀಪ ಮಿಣುಕಿಸಿದರೆ ನಿಮ್ಮ ಬಲಬದಿಗೆ ಅದರ ಬಲಬದಿ ಬರುವಂತೆ ದಾಟಿ. ರೋನ್ ನದಿಯ ಬೊಲೆನ್ ಲಾಕ್ ಒಂದೇ ಸಲಕ್ಕೆ ಸುಮಾರು 23 ಮೀಟರ್ ಇಳಿಸುತ್ತದೆ. ಅಲ್ಲಿ ಗೋಡೆಯ ಗೂಟಗಳು ನೀರಿನ ಜೊತೆ ತೇಲಿ ಇಳಿಯುತ್ತವೆ. ಗೂಟ ಸಿಕ್ಕಿಕೊಂಡಿಲ್ಲವೆಂದು ಕಣ್ಣಿಟ್ಟಿರಿ. ಮೊದಲ ವರ್ಷ ರೋನ್ ಬೇಡ. ಸೋನ್ ನದಿ, ಅದಕ್ಕೆ ಸೇರುವ ಪುಟ್ಟ ಸೇಯ್ ನದಿಯಲ್ಲಿ ಲುವಾಂ ಊರಿನವರೆಗಿನ 39 ಕಿಲೋಮೀಟರ್, ನಾಲ್ಕೇ ಲಾಕ್: ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ದಂಡೆಯಲ್ಲಿ ನಿಲ್ಲಿಸುವಾಗ ಮರಕ್ಕೆ ಹಗ್ಗ ಕಟ್ಟಬೇಡಿ. ಕಬ್ಬಿಣದ ಗೂಟವನ್ನು ದೋಣಿಯಿಂದ ಆಚೆಗೆ ವಾಲಿಸಿ ಹೊಡೆಯಿರಿ. ದೊಡ್ಡ ಹಡಗು ಹಾದಾಗ ನೀರಿನ ಸೆಳೆತಕ್ಕೆ ನೆಟ್ಟಗಿನ ಗೂಟ ಕಿತ್ತುಬರುತ್ತದೆ.

ನವೆಂಬರಿನಿಂದ ಮಾರ್ಚ್‌ವರೆಗೆ ಅನೇಕ ಕಾಲುವೆಗಳನ್ನು ದುರಸ್ತಿಗೆ ಮುಚ್ಚುತ್ತಾರೆ, ಕೆಲವೆಡೆ ನೀರನ್ನೇ ಖಾಲಿ ಮಾಡುತ್ತಾರೆ. ವಿಎನ್‌ಎಫ್ ಪ್ರಕಟಿಸುವ ಪಟ್ಟಿ ನೋಡಿ ಅಕ್ಟೋಬರ್ ಮುಗಿಯುವ ಮುನ್ನ ಬಂದರು ಸೇರಿ. ಊರಿಗೆ ಮರಳುವ ಮೊದಲು ನೀರಿನ ಟಾಕಿ, ಪಂಪು, ಗೀಸರ್ ಬಸಿದು ನಳಗಳನ್ನು ತೆರೆದೇ ಬಿಡಿ, ಎಂಜಿನ್ನಿನ ತಂಪುಗೊಳಿಸುವ ಕೊಳವೆಗೆ ಆಂಟಿಫ್ರೀಜ್ ಹಾಕಿ. ಡೀಸೆಲ್ ಟಾಕಿಯನ್ನು ಮಾತ್ರ ತುಂಬಿಡಬೇಕು: ಖಾಲಿ ಜಾಗದಲ್ಲಿ ತೇವ ಹನಿಗಟ್ಟಿದರೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಲೋಳೆ ವಸಂತದಲ್ಲಿ ಫಿಲ್ಟರ್ ಕಟ್ಟುತ್ತದೆ. ಪ್ರೊಪೆಲರ್ ದಂಡ ಒಳಬರುವ ಕಡೆ ನೀರು ತೊಟ್ಟಿಕ್ಕದಂತೆ ಗ್ರೀಸ್ ತಿರುವಿ, ತಳದ ಪಂಪಿನ ಬ್ಯಾಟರಿ ಚಾರ್ಜ್ ಆಗುತ್ತಿದೆಯೆಂದು ನೋಡಿ, ಒಂದು ಕೀಲಿಯನ್ನು ಬಂದರಿನ ಕಚೇರಿಯಲ್ಲಿ ಕೊಟ್ಟು ಬನ್ನಿ.