ಅಲ್ಲಿ ನೋಡು, ಆ ಮೋಡ!

ಚೆಂದದ ಮೋಡ ಕಂಡ ಕೂಡಲೇ ಬಾಯಿಗೆ ಬರುವ ಮೊದಲ ಮಾತು ‘ಅಲ್ಲಿ ನೋಡು’. ಪಕ್ಕದಲ್ಲಿದ್ದವರ ತೋಳು ಹಿಡಿದು ಎಳೆಯುತ್ತೇವೆ, ಬೆರಳು ಮಾಡಿ ತೋರಿಸುತ್ತೇವೆ. ನಮಗೆ ಆನೆ ಕಂಡದ್ದು ಅವರಿಗೆ ದೋಣಿಯಾಗಿ ಕಾಣುತ್ತದೆ. ವಾದ ಮುಗಿಯುವಷ್ಟರಲ್ಲಿ ಆನೆಯೂ ಇಲ್ಲ, ದೋಣಿಯೂ ಇಲ್ಲ. ಅದಕ್ಕೇ ಮೋಡ ನೋಡುವುದು ಒಬ್ಬರ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಇನ್ನೊಬ್ಬರಿಗೆ ತೋರಿಸಿದಾಗಲೇ ಅದು ಪೂರ್ತಿಯಾಗುತ್ತದೆ. ಫೋಟೊ ಕೂಡ ಹಾಗೆ ತೋರಿಸುವ ಒಂದು ದಾರಿ. ದುಬಾರಿ ಕ್ಯಾಮೆರಾ ಬೇಡ, ಕೈಯಲ್ಲಿರುವ ಫೋನ್ ಸಾಕು. ಹೇಗೆ ಶುರು ಮಾಡುವುದು? ಹೀಗೆ.

1. ಫೋನ್ ಹತ್ತು ನಿಮಿಷ ಜೇಬಿನಲ್ಲೇ ಇರಲಿ

ಬಿಸಿಲಿರುವ ದಿನ, ಹಿಂಜಿದ ಅರಳೆಯಂತೆ ಬಿಡಿಬಿಡಿ ಮೋಡಗಳು ತೇಲುತ್ತಿರುವಾಗ, ಅವುಗಳಲ್ಲಿ ತೀರಾ ಸಣ್ಣದೊಂದನ್ನು ಆರಿಸಿಕೊಳ್ಳಿ. ಅದರ ಮೇಲಿಂದ ಕಣ್ಣು ತೆಗೆಯಬೇಡಿ. ಮೊದಲು ಅಂಚು ಸವೆಯುತ್ತದೆ. ಬಿಳಿ ಇದ್ದಲ್ಲಿ ನೀಲಿ ಇಣುಕುತ್ತದೆ. ಒಂದು ತುಣುಕು ಕಿತ್ತು ಬರುತ್ತದೆ, ನೂಲಿನಂತಾಗುತ್ತದೆ, ಇಲ್ಲವಾಗುತ್ತದೆ. ಸುತ್ತಲಿನ ಒಣಗಾಳಿ ಒಳಗೆ ನುಗ್ಗಿ ಹನಿಗಳನ್ನು ಆವಿ ಮಾಡುತ್ತಿರುತ್ತದೆ. ಇಂಥ ಮೋಡ ಹೆಚ್ಚಾಗಿ ಹತ್ತು–ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬದುಕುವುದಿಲ್ಲ. ಒಂದೇ ಒಂದು ಮೋಡ ಕರಗುವುದನ್ನು ಪೂರ್ತಿ ನೋಡಿದವರಿಗೆ ಆಕಾಶ ಆಮೇಲೆ ಬೇರೆಯಾಗಿಯೇ ಕಾಣುತ್ತದೆ.

ಈಗ ಉಳಿದ ಮೋಡಗಳ ತಳ ನೋಡಿ. ಎಲ್ಲವೂ ಒಂದೇ ಮಟ್ಟದಲ್ಲಿ ಚಪ್ಪಟೆ, ಗಾಜಿನ ಹಲಗೆಯ ಮೇಲೆ ಇಟ್ಟಂತೆ. ಬಿಸಿಯಾದ ಗಾಳಿ ಮೇಲೇರುತ್ತಾ ತಣ್ಣಗಾಗುತ್ತದೆ. ಯಾವ ಎತ್ತರದಲ್ಲಿ ಅದರ ತೇವ ಹನಿಯಾಗುತ್ತದೋ ಅಲ್ಲಿಂದ ಮೋಡ ಶುರು. ಆ ಹಲಗೆ ಅಂದರೆ ಅದೇ ಎತ್ತರ.

2. ಹೆಸರು ಹಿಡಿದು ಕರೆಯಿರಿ

ಹೆಸರು ಗೊತ್ತಿದ್ದರೆ ಫೋನಿನಲ್ಲಿ ಮಾತಾಡುತ್ತಲೂ ಮೋಡ ತೋರಿಸಬಹುದು. ‘ಏನೋ ಬೆಳ್ಳಗೆ ಇದೆ’ ಅಂದರೆ ಆ ಕಡೆ ಇರುವವರಿಗೆ ಏನು ತಿಳಿಯುತ್ತದೆ, ಅಲ್ವಾ?

ಈ ಹೆಸರುಗಳನ್ನು ಕೊಟ್ಟವರು ಔಷಧ ತಯಾರಿಕೆಯಲ್ಲಿದ್ದ ಲ್ಯೂಕ್ ಹೊವಾರ್ಡ್. 1802ರಲ್ಲಿ ಲಂಡನ್ನಿನಲ್ಲಿ ಮಾಡಿದ ಒಂದು ಭಾಷಣದಲ್ಲಿ ಅವರು ಮೋಡಗಳಿಗೆ ಲ್ಯಾಟಿನ್ ಹೆಸರು ಇಟ್ಟರು: ಸಿರಸ್, ಕ್ಯುಮುಲಸ್, ಸ್ಟ್ರೇಟಸ್, ನಿಂಬಸ್. ನಮ್ಮ ಶಾಲೆಯ ಭೂಗೋಳ ಪುಸ್ತಕದ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ, ರಾಶಿವೃಷ್ಟಿ ಮೋಡ ಅನ್ನುವ ಹೆಸರುಗಳ ಬೇರು ಅಲ್ಲೇ ಇದೆ. ಆಮೇಲೆ ರಾಲ್ಫ್ ಅಬರ್‌ಕ್ರಾಂಬಿ ಅನ್ನುವ ಹವಾಮಾನ ತಜ್ಞರು ಎಲ್ಲ ಕಡೆಯ ಮೋಡವೂ ಒಂದೇ ಬಗೆಯದೇ ಅಂತ ತಿಳಿಯಲು ಪ್ರಪಂಚ ಸುತ್ತಿದರು. ಹೌದು, ಒಂದೇ ಬಗೆಯದು. ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಭೂಮಿಯ ಆ ಬದಿಯಲ್ಲಿರುವ ಗೆಳೆಯರಿಗೆ ‘ರಾಶಿ ಮೋಡ’ ಅಂದರೆ ಅವರೂ ತಮ್ಮ ಕಿಟಕಿಯಲ್ಲಿ ಅದನ್ನೇ ಕಂಡಿರುತ್ತಾರೆ. ಮೋಡದ ಬಗೆಗಳನ್ನು ಚಿತ್ರದ ಜೊತೆ ವಿವರಿಸುವ ಪುಸ್ತಕ, ಅಂತರರಾಷ್ಟ್ರೀಯ ಮೋಡ ನಕಾಶೆ, 1896ರಲ್ಲಿ ಬಂತು. ಇವತ್ತು ಅದರಲ್ಲಿ ಮುಖ್ಯ ಜಾತಿಗಳು ಹತ್ತು.

ಹತ್ತನ್ನೂ ಒಂದೇ ದಿನ ಕಲಿಯಬೇಕಿಲ್ಲ. ಎಲ್ಲರನ್ನೂ ಗೊಂದಲಕ್ಕೆ ಕೆಡವುವ ಮೂರನ್ನು ಬಿಡಿಸಿಕೊಂಡರೆ ಅರ್ಧ ಗೆದ್ದಂತೆ. ಆಕಾಶದ ತುಂಬ ಸಣ್ಣ ಸಣ್ಣ ಉಂಡೆಗಳ ಸಾಲು ಇದೆ ಅಂದುಕೊಳ್ಳಿ. ಕೈ ಪೂರ್ತಿ ಚಾಚಿ. ಒಂದು ಉಂಡೆ ಕಿರುಬೆರಳಿನ ಅಗಲಕ್ಕಿಂತ ಚಿಕ್ಕದಾಗಿದ್ದರೆ ಅದು ತುಂಬಾ ಎತ್ತರದ ಸಿರೋಕ್ಯುಮುಲಸ್. ಕಿರುಬೆರಳಿಗಿಂತ ದೊಡ್ಡದು, ಆದರೆ ನಡುವಿನ ಮೂರು ಬೆರಳಿನ ಹಿಂದೆ ಮುಚ್ಚಿಹೋಗುತ್ತದೆ ಅಂದರೆ ಆಲ್ಟೊಕ್ಯುಮುಲಸ್. ಮೂರು ಬೆರಳನ್ನೂ ಮೀರಿದರೆ ಕೆಳಗಿನ ಸ್ಟ್ರೇಟೊಕ್ಯುಮುಲಸ್. ನೆತ್ತಿಯ ಕಡೆ ಇರುವ ಮೋಡಕ್ಕೆ ಮಾತ್ರ ಈ ಅಳತೆ ಸರಿ. ದಿಗಂತದಿಂದ ಮೂರು ಮುಷ್ಟಿ ಎತ್ತರದ ಕೆಳಗೆ ಇರುವುದಕ್ಕೆ ಬೇಡ, ಅಲ್ಲಿ ದೂರ ಹೆಚ್ಚಾಗಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ.

ಇನ್ನೊಂದು ಕೈ ಅಳತೆ ಇದೆ. ತೆಳ್ಳಗಿನ ಹಾಲಿನಂಥ ಪರದೆ ಆಕಾಶಕ್ಕೆ ಹಾಸಿ, ಸೂರ್ಯ ಅಥವಾ ಚಂದ್ರನ ಸುತ್ತ ದೊಡ್ಡ ಉಂಗುರ ಬಿದ್ದಿದ್ದರೆ ಅಂಗೈ ಅಗಲಿಸಿ ಚಾಚಿ. ಹೆಬ್ಬೆರಳ ತುದಿ ಚಂದ್ರನ ಮೇಲಿದ್ದರೆ ಕಿರುಬೆರಳ ತುದಿ ಹೆಚ್ಚುಕಮ್ಮಿ ಉಂಗುರವನ್ನೇ ಮುಟ್ಟುತ್ತದೆ. ಆರು ಮೂಲೆಯ ಹಿಮದ ಹರಳುಗಳು ಬೆಳಕನ್ನು 22 ಡಿಗ್ರಿ ಬಾಗಿಸುವುದರಿಂದ ಉಂಗುರ ಯಾವಾಗಲೂ ಅಷ್ಟೇ ಅಗಲ. ಸೂರ್ಯನ ಉಂಗುರವಾದರೆ ಸೂರ್ಯನನ್ನು ಗೋಡೆಯ ಅಂಚಿನ ಹಿಂದೆಯೋ ಕಂಬದ ಹಿಂದೆಯೋ ಮರೆ ಮಾಡಿಕೊಂಡೇ ನೋಡಿ. ಕಣ್ಣಿನ ವಿಷಯದಲ್ಲಿ ರಾಜಿ ಬೇಡ.

3. ಈಗ ಫೋನ್ ತೆಗೆಯಿರಿ

ಹೆಚ್ಚಿನವರ ಮೋಡದ ಫೋಟೊ ಕೆಡುವುದು ಒಂದೇ ಕಾರಣಕ್ಕೆ. ಚೌಕಟ್ಟಿನಲ್ಲಿ ನೆಲ ಜಾಸ್ತಿ ಇದ್ದರೆ ಕ್ಯಾಮೆರಾ ಆ ಕತ್ತಲೆಯ ನೆಲಕ್ಕೆ ಬೆಳಕು ಹೊಂದಿಸುತ್ತದೆ. ಆಗ ಮೋಡ ಸುಣ್ಣ ಬಳಿದಂತೆ ಬೆಳ್ಳಗಾಗಿ ಮಡಿಕೆಗಳೆಲ್ಲ ಮಾಯ. ಮೋಡದ ಅತಿ ಹೊಳೆಯುವ ಜಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಬೆಳಕು ಅಲ್ಲಿಗೆ ಬೀಗ ಬೀಳುತ್ತವೆ. ಆಮೇಲೆ ಬೆರಳನ್ನು ನಿಧಾನ ಕೆಳಗೆ ಜಾರಿಸಿ ಬೆಳಕು ಸ್ವಲ್ಪ ತಗ್ಗಿಸಿ. ಬಿಳಿಯ ಒಳಗೆ ಅಡಗಿದ್ದ ಬೂದು, ನೀಲಿ, ತಿಳಿಹಳದಿ ಒಂದೊಂದಾಗಿ ಮೇಲೆ ಬರುವುದು ಪರದೆಯಲ್ಲೇ ಕಾಣುತ್ತದೆ. ಚೌಕಟ್ಟಿನ ತುಂಬ ಬರೀ ಬಿಳಿ ಮೋಡವೇ ಇದ್ದರೆ ಮಾತ್ರ ಉಲ್ಟಾ: ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ನೀವು ಚೂರು ಬೆಳಕು ಏರಿಸಬೇಕು.

ಕ್ಯಾಮೆರಾ ಇದ್ದವರಿಗೆ ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ), ಎಫ್ 8ರ ಆಸುಪಾಸು (ಲೆನ್ಸಿನ ಕಂಡಿಯ ಅಳತೆ), ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಚಿತ್ರ). ಇಷ್ಟು ಸಾಕು. ಲೆನ್ಸಿನ ಮುಂದೆ ಹಾಕುವ ಪೋಲರೈಸಿಂಗ್ ಫಿಲ್ಟರ್ ಅನ್ನುವ ಗಾಜು ಇದ್ದರೆ ನೀಲಿ ಗಾಢವಾಗಿ ಮೋಡ ಎದ್ದು ಕಾಣುತ್ತದೆ. ಅದು ಎಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ತಿಳಿಯಲು ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ನೇರ ಅಡ್ಡ ಮಾಡಿ, ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿಸುವ ಕಡೆಯೆಲ್ಲ ಫಿಲ್ಟರಿನ ಜಾಗ. ತುಂಬಾ ಅಗಲದ ಲೆನ್ಸಿಗೆ ಅದನ್ನು ಹಾಕಬೇಡಿ, ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಕಲೆಯಂತೆ ಕಾಣುತ್ತದೆ.

ಚೌಕಟ್ಟಿನ ಕೆಳಗೆ ಒಂದು ಚೂರು ನೆಲ ಇರಲಿ. ಮರದ ತುದಿ, ಮನೆಯ ಮಾಡು, ಗುಡ್ಡದ ಗೆರೆ, ಏನಾದರೂ. ಅದಿಲ್ಲದಿದ್ದರೆ ಮೋಡ ಎಷ್ಟು ದೊಡ್ಡದು ಅಂತ ನೋಡುವವರಿಗೆ ತಿಳಿಯುವುದೇ ಇಲ್ಲ. ಒಂದು ಕಿಲೋಮೀಟರ್ ಉದ್ದ, ಅಗಲ, ಎತ್ತರದ ಸಾಧಾರಣ ರಾಶಿ ಮೋಡದಲ್ಲಿ ಸುಮಾರು 500 ಟನ್ ನೀರು ಇರುತ್ತದೆ. ಅಷ್ಟು ಭಾರ ಸುಮ್ನೆ ತೇಲುತ್ತಿದೆ ಅನ್ನುವುದು ಫೋಟೊದಲ್ಲೂ ಗೊತ್ತಾಗಬೇಕು.

ಚಲನೆ ತೋರಿಸಬೇಕಾದರೆ ಟೈಮ್‌ಲ್ಯಾಪ್ಸ್ ಮಾಡಿ. ಫೋನನ್ನು ಅಲುಗದಂತೆ ಒರಗಿಸಿ. ಎರಡು ಸೆಕೆಂಡಿಗೊಂದರಂತೆ ಹತ್ತು ನಿಮಿಷ ತೆಗೆದರೆ 300 ಚಿತ್ರ, ಸೆಕೆಂಡಿಗೆ 25ರಂತೆ ಓಡಿಸಿದರೆ 12 ಸೆಕೆಂಡಿನ ವಿಡಿಯೊ. ತೇಲುತ್ತಿದೆ ಅಂದುಕೊಂಡಿದ್ದ ಮೋಡ ಕುದಿಯುತ್ತಿದೆ ಅಂತ ಆಗ ಗೊತ್ತಾಗುತ್ತದೆ.

4. ಸಮಯ, ಜಾಗ, ದಿಕ್ಕು

ಸಮಯ ಮತ್ತು ಜಾಗವನ್ನು ಫೋನ್ ತಾನೇ ಬರೆದುಕೊಳ್ಳುತ್ತದೆ. ದಿಕ್ಕನ್ನು ನೀವು ಬರೆಯಿರಿ. ‘ಪಶ್ಚಿಮಕ್ಕೆ, ಸಂಜೆ’ ಅಂತಾದರೂ ಇರಲಿ. ನನ್ನ ಮೊದಮೊದಲ ಫೋಟೊಗಳಿಗೆ ದಿಕ್ಕು ಬರೆದಿರಲಿಲ್ಲ. ಈಗ ಅವು ಚೆಂದದ ಚಿತ್ರಗಳು ಅಷ್ಟೇ. ಮಳೆ ಬರುವ ಮುಂಚಿನದೋ, ಹೋಗುವಾಗಿನದೋ ಹೇಳಲು ಬರುವುದಿಲ್ಲ. ಆ ಕೊರಗು ಇನ್ನೂ ಇದೆ.

5. ಒಂದೇ ಮೋಡ, ಎರಡು ಊರು

ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ ಇದು. ಗುಡುಗು ಮಳೆಯ ಮೋಡ ಹತ್ತು ಕಿಲೋಮೀಟರಿಗೂ ಮೇಲೆ ಬೆಳೆಯುತ್ತದೆ. ನೂರು ಕಿಲೋಮೀಟರ್ ದೂರದಿಂದಲೂ ಕಾಣಬಲ್ಲದು. ಮತ್ತೆ ಮೇಲೇರಲು ಆಗದ ಎತ್ತರ ತಲುಪಿದಾಗ ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಅಡ್ಡಕ್ಕೆ ಚಪ್ಪಟೆಯಾಗಿ ಹರಡುತ್ತದೆ. ದೂರ ಇರುವವರಿಗೆ ಬಿಸಿಲಲ್ಲಿ ಹೊಳೆಯುವ ಆ ಬಿಳಿ ತಲೆ ಪೂರ್ತಿ ಕಾಣುತ್ತದೆ. ಅದರ ಬುಡದಲ್ಲಿ ಇರುವವರಿಗೆ ಕಾಣುವುದು ಬರೀ ಕಾರ್ಮೋಡದ ಹೊಟ್ಟೆ. ಒಂದು ಸಂಜೆ ದೂರದ ಗೆಳತಿಗೆ ನಾನು ಫೋಟೊ ಕಳಿಸಿ ‘ಎಷ್ಟು ಬೆಳ್ಳಗಿದೆ ನೋಡು’ ಅಂದೆ. ಅವಳು ಅದೇ ಗಳಿಗೆಯಲ್ಲಿ ಕಳಿಸಿದ ಫೋಟೊದಲ್ಲಿ ಬೀದಿದೀಪ ಹೊತ್ತಿಕೊಂಡಿತ್ತು. ಒಂದೇ ಮೋಡ! ಎರಡೂ ಚಿತ್ರವನ್ನು ಅಕ್ಕಪಕ್ಕ ಇಟ್ಟಾಗಲೇ ನಮಗಿಬ್ಬರಿಗೂ ಆ ಮೋಡ ಪೂರ್ತಿ ಕಂಡದ್ದು.

ನೀವೂ ಮಾಡಿ ನೋಡಿ. ಬೇರೆ ಬೇರೆ ಜಾಗದ ನಾಲ್ಕೈದು ಜನ ಒಂದು ಹೊತ್ತು ಗೊತ್ತು ಮಾಡಿಕೊಂಡು, ಒಂದೇ ನಿಮಿಷದಲ್ಲಿ ಆಕಾಶದ ಫೋಟೊ ತೆಗೆಯಿರಿ. ಹೀಗೆ ಹಂಚಿಕೊಂಡ ಚಿತ್ರಗಳಿಂದ ಮೋಡಕ್ಕೆ ಹೊಸ ಹೆಸರು ಬಂದದ್ದೂ ಇದೆ. ಬ್ರಿಟನ್ನಿನಲ್ಲಿ ಹುಟ್ಟಿದ ಕ್ಲೌಡ್ ಅಪ್ರಿಸಿಯೇಷನ್ ಸೊಸೈಟಿಯ ಸದಸ್ಯರು ಬೇರೆ ಬೇರೆ ಕಡೆಯಿಂದ ಒಂದು ವಿಚಿತ್ರ ಮೋಡದ ಫೋಟೊ ಕಳಿಸುತ್ತಿದ್ದರು. ಅಲ್ಲೋಲಕಲ್ಲೋಲ ಸಮುದ್ರವನ್ನು ನೀರಿನ ಅಡಿಯಿಂದ ನೋಡಿದಂತಿತ್ತು ಅದು. 2017ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ‘ಆಸ್ಪೆರಿಟಾಸ್’ ಅನ್ನುವ ಹೆಸರಿನಲ್ಲಿ ಮೋಡ ನಕಾಶೆಗೆ ಸೇರಿಸಿತು. ನಾಸಾದ ಗ್ಲೋಬ್ ಅಬ್ಸರ್ವರ್ ಆ್ಯಪ್‌ನಲ್ಲೂ ಜನರು ಕಳಿಸುವ ಮೋಡದ ವಿವರವನ್ನು ಉಪಗ್ರಹದ ಚಿತ್ರದ ಜೊತೆ ಹೋಲಿಸುತ್ತಾರೆ. ಉಪಗ್ರಹಕ್ಕೆ ಕಾಣುವುದು ಮೋಡದ ಮಾಡು, ತಳ ಕಾಣುವುದು ನಮಗೆ.

6. ಗುಡುಗಿದರೆ ಒಳಗೆ ಬನ್ನಿ

ಮಿಂಚು ಕಂಡ ಕೂಡಲೇ ಎಣಿಸಿ. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ. ಮಾಳಿಗೆ, ಬಯಲು, ಮರದ ಬುಡ ಬಿಟ್ಟು ಮನೆಯೊಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬೇಡಿ.

7. ಸೂರ್ಯ ಮುಳುಗಿದ ಮೇಲೆ

ಸೂರ್ಯ ಮರೆಯಾದ ತಕ್ಷಣ ಎಲ್ಲರೂ ಎದ್ದು ಹೊರಡುತ್ತಾರೆ. ನೀವು ಕೂತಿರಿ. ಕೆಳಗಿನ ಮೋಡಗಳು ಬೂದಿಯಾಗುತ್ತವೆ. ಆದರೆ ತುಂಬಾ ಎತ್ತರದ ಹಿಮಕಣ ಮೋಡಗಳಿಗೆ ಬಿಸಿಲು ಇನ್ನೂ ತಾಗುತ್ತಿರುತ್ತದೆ. ಕೆಲವು ನಿಮಿಷ ಕಳೆದ ಮೇಲೆ ಅವು ಕೆಂಡದಂತೆ ಹೊತ್ತಿಕೊಳ್ಳಬಹುದು. ಈ ಹೊತ್ತಿನಲ್ಲಿ ಒಂದು ಸಲ ಹಿಂದೆ ತಿರುಗಿ ಪೂರ್ವದ ಕಡೆಯೂ ನೋಡಿ. ಮೋಡಗಳ ನೆರಳು ಆಕಾಶದುದ್ದಕ್ಕೂ ಸಾಗಿ ಆ ಬದಿಯಲ್ಲಿ ಒಂದೇ ಬಿಂದುವಿಗೆ ಕೂಡುವಂತೆ ಗುಲಾಬಿ–ನೀಲಿ ಪಟ್ಟೆಗಳು ಕಾಣುವುದುಂಟು. ನಾನು ಅದನ್ನು ಮೊದಲ ಸಲ ನೋಡಿದ್ದು ಮಗಳು ನನ್ನ ಅಂಗಿ ಎಳೆದಿದ್ದರಿಂದ. ನಾನು ಪಶ್ಚಿಮಕ್ಕೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಅವಳು ಆ ಕಡೆ ಮುಖ ಮಾಡಿ, ‘ಇಲ್ಲಿ ನೋಡು’ ಅನ್ನುತ್ತಿದ್ದಳು.